ಎಂದೂ ನಡೆಯದ ಒಂದು ಭೇಟಿಯ ನಾಟಕ

ರಾತ್ರಿಯ ಹೊತ್ತು. ಇಕ್ಕಟ್ಟಾದ ಮನೆಯೊಂದರಲ್ಲಿ ಬರಹಗಾರ ಮಲಗಿದ್ದಾನೆ. ಬೀರುವಿನ ಬಾಗಿಲು ತೆರೆದುಕೊಳ್ಳುತ್ತದೆ. ಒಳಗಿನಿಂದ ಹೊರಬರುವವನು ಜೋಸೆಫ್ ಸ್ಟಾಲಿನ್. ಗಾಬರಿಯಿಂದ ಎದ್ದ ಬರಹಗಾರನನ್ನು ಅವನು ಮನೆಯ ತುಂಬ ಅಟ್ಟಾಡಿಸುತ್ತಾನೆ. ಕೊನೆಗೆ ಮೂಲೆಗೆ ತಳ್ಳಿ, ಭಾರವಾದ ಬೆರಳಚ್ಚು ಯಂತ್ರವನ್ನು ಅವನ ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ. ಹಳೆಯ ಮೂಕಿ ಚಿತ್ರದ ಹಾಸ್ಯದಂತೆ ಕಾಣುವ ಈ ಓಟಕ್ಕೆ ಪ್ರೇಕ್ಷಕರು ನಗುತ್ತಾರೆ. ಬರಹಗಾರನಿಗೆ ಎಚ್ಚರವಾಗುತ್ತದೆ. ಅದು ಕನಸು. ಆದರೆ ಆ ಕನಸು ಅವನಿಗೆ ಹೊಸದಲ್ಲ.

ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ 2011ರಲ್ಲಿ ಮೊದಲ ಪ್ರದರ್ಶನ ಕಂಡ ‘ಕೊಲ್ಯಾಬರೇಟರ್ಸ್’ ನಾಟಕ ತೆರೆದುಕೊಳ್ಳುವುದು ಹೀಗೆ. ಕನಸು ಕಂಡ ಬರಹಗಾರ ಮಿಖಾಯಿಲ್ ಬುಲ್ಗಾಕೊವ್. ನಾಟಕವನ್ನು ರಚಿಸಿದವರು ಜಾನ್ ಹಾಡ್ಜ್. ‘ಟ್ರೇನ್‌ಸ್ಪಾಟಿಂಗ್’ ಚಲನಚಿತ್ರದ ಚಿತ್ರಕಥೆಯಿಂದ ಹೆಸರಾದ ಇವರು ಓದಿದ್ದು ವೈದ್ಯಕೀಯ. ಬುಲ್ಗಾಕೊವ್ ಕೂಡ ವೈದ್ಯನಾಗಿದ್ದು ಲೇಖನಿ ಹಿಡಿದವನೇ. ನಿಕೋಲಸ್ ಹೈಟ್ನರ್ ನಿರ್ದೇಶನದ ಆ ಪ್ರಯೋಗದಲ್ಲಿ ಅಲೆಕ್ಸ್ ಜೆನ್ನಿಂಗ್ಸ್ ಬುಲ್ಗಾಕೊವ್ ಆಗಿಯೂ ಸೈಮನ್ ರಸೆಲ್ ಬೀಲ್ ಸ್ಟಾಲಿನ್ ಆಗಿಯೂ ಅಭಿನಯಿಸಿದರು. ಅದೇ ವರ್ಷ ಡಿಸೆಂಬರ್ 1ರಂದು ಪ್ರದರ್ಶನವು ಚಿತ್ರಮಂದಿರಗಳಿಗೂ ನೇರಪ್ರಸಾರವಾಯಿತು. 2012ರಲ್ಲಿ ಅತ್ಯುತ್ತಮ ಹೊಸ ನಾಟಕಕ್ಕೆ ಮೀಸಲಾದ ಒಲಿವಿಯೆ ಪ್ರಶಸ್ತಿ ಇದಕ್ಕೆ ಸಂದಿತು.

ಇದನ್ನು ಒಂದು ಕರಾಳ ಹಾಸ್ಯವೆಂದು ನೋಡಿ ಮರೆಯಬಹುದು. ಆದರೆ ಬುಲ್ಗಾಕೊವ್‌ನ ಬದುಕನ್ನು ಬಲ್ಲವರಿಗೆ ಇದು ಅಷ್ಟು ಸುಲಭವಾಗಿ ಮರೆಯುವ ನಾಟಕವಲ್ಲ. ನಡೆದ ಸಂಗತಿ ಮತ್ತು ನಡೆಯದ ಸಂಗತಿಗಳನ್ನು ಹಾಡ್ಜ್ ಒಂದೇ ಹಗ್ಗವಾಗಿ ಹೊಸೆದಿದ್ದಾರೆ. ಆ ಎಳೆಗಳನ್ನು ಬಿಡಿಸಿ ನೋಡಿದಾಗ ಮಾತ್ರ ನಾಟಕ ಕೇಳುವ ಪ್ರಶ್ನೆಯ ತೂಕ ತಿಳಿಯುತ್ತದೆ. ಅಧಿಕಾರಕ್ಕೆ ಬರಹಗಾರನ ಬಾಯಿ ಮುಚ್ಚಿಸುವುದಷ್ಟೇ ಸಾಕೇ, ಅಥವಾ ಅವನ ಕೈಬರಹವೂ ಬೇಕೇ ಎಂಬುದು ಆ ಪ್ರಶ್ನೆ.

ಸುರಂಗದೊಳಗಿನ ಒಪ್ಪಂದ

ನಾಟಕ ನಡೆಯುವುದು 1938ರ ಮಾಸ್ಕೋ ನಗರದಲ್ಲಿ. ಬುಲ್ಗಾಕೊವ್ ಮತ್ತು ಅವನ ಹೆಂಡತಿ ಯೆಲೆನಾ ಹಲವರೊಂದಿಗೆ ಹಂಚಿಕೊಂಡ ಮನೆಯಲ್ಲಿ ಬದುಕುತ್ತಿದ್ದಾರೆ. ಜಾಗ ಎಷ್ಟು ಕಡಿಮೆಯೆಂದರೆ ತರುಣನೊಬ್ಬ ಬೀರುವಿನೊಳಗೇ ವಾಸ ಮಾಡುತ್ತಿದ್ದಾನೆ. ಬಿಸಿನೀರಿಲ್ಲ, ಕಾಫಿಯ ವಾಸನೆ ಕಂಡು ಎಷ್ಟೋ ದಿನಗಳಾಗಿವೆ. ಬರಹಗಾರನ ಆರೋಗ್ಯವೂ ಕೆಟ್ಟಿದೆ. ಇಂಥ ಹೊತ್ತಿನಲ್ಲಿ ರಹಸ್ಯ ಪೊಲೀಸ್ ದಳದ ಅಧಿಕಾರಿಯೊಬ್ಬ ಒಂದು ಕೋರಿಕೆಯೊಂದಿಗೆ ಬರುತ್ತಾನೆ. ಸ್ಟಾಲಿನ್‌ನ ಅರವತ್ತನೆಯ ಹುಟ್ಟುಹಬ್ಬಕ್ಕೆ ಅವನ ತಾರುಣ್ಯವನ್ನು ಕುರಿತು ಒಂದು ನಾಟಕ ಬರೆಯಬೇಕು. ಬರೆದರೆ, ಮೋಲಿಯೇರ್‌ನನ್ನು ಕುರಿತ ಅವನ ಸ್ವಂತ ನಾಟಕಕ್ಕೆ ರಂಗದ ದಾರಿ ತೆರೆಯುತ್ತದೆ. ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬುಲ್ಗಾಕೊವ್ ಬೆರಳಚ್ಚು ಯಂತ್ರದ ಮುಂದೆ ಕೂರುತ್ತಾನೆ. ಒಂದು ಸಾಲೂ ಹೊರಡುವುದಿಲ್ಲ. ಆಗ ಗುಟ್ಟಿನ ಕರೆಯೊಂದು ಬಂದು, ಅದರ ಜಾಡು ಹಿಡಿದು ಹೋದರೆ ಕ್ರೆಮ್ಲಿನ್ ಅಡಿಯ ಸುರಂಗದಲ್ಲಿ ಸಾಕ್ಷಾತ್ ಸ್ಟಾಲಿನ್ ಎದುರಾಗುತ್ತಾನೆ. ಅವನು ಗದರಿಸುವುದಿಲ್ಲ. ನಿಮ್ಮ ನಾಟಕವನ್ನು ಎಷ್ಟೋ ಸಲ ನೋಡಿದ್ದೇನೆಂದು ಅಭಿಮಾನದಿಂದ ಹೇಳುತ್ತಾನೆ. ನಿಮಗೆ ಬರೆಯಲು ಕಷ್ಟವಾದರೆ ನಾನೇ ಬರೆಯುತ್ತೇನೆ, ಅಷ್ಟು ಹೊತ್ತು ನನ್ನ ಮೇಜಿನ ಕಡತಗಳನ್ನು ನೀವು ನೋಡಿಕೊಳ್ಳಿ ಎನ್ನುತ್ತಾನೆ.

ಇಲ್ಲಿಂದ ನಾಟಕದ ತಕ್ಕಡಿ ತಿರುಗುತ್ತದೆ. ನಾಯಕ ತನ್ನ ತಾರುಣ್ಯದ ಸಾಹಸಗಳನ್ನು ಟಕಟಕನೆ ಬೆರಳಚ್ಚಿಸುತ್ತಾನೆ. ಅವು ರಂಗದ ಮೇಲೆಯೇ ದೃಶ್ಯಗಳಾಗಿ ಮೂಡುತ್ತವೆ. ಇತ್ತ ಬರಹಗಾರ ಉಕ್ಕಿನ ಉತ್ಪಾದನೆ, ರೈತರಿಂದ ಪಡೆಯಬೇಕಾದ ಧಾನ್ಯ ಮೊದಲಾದ ಕಡತಗಳಿಗೆ ಸ್ಟಾಲಿನ್ ಹೆಸರಿನಲ್ಲಿ ರುಜು ಹಾಕುತ್ತಾನೆ. ಮೊದಮೊದಲು ಅದೊಂದು ಆಟ. ಮನೆಗೆ ಬಿಸಿನೀರು ಬರುತ್ತದೆ, ಕಾಫಿ ಬರುತ್ತದೆ, ಬಾಗಿಲಿಗೆ ಕಾರು ಬರುತ್ತದೆ. ರಹಸ್ಯ ಪೊಲೀಸ್ ಅಧಿಕಾರಿಗೂ ರಂಗದ ಹುಚ್ಚು ಹತ್ತಿ ತಾನೇ ನಾಟಕ ನಿರ್ದೇಶಿಸಲು ನಿಲ್ಲುತ್ತಾನೆ. ಆದರೆ ಕಾಗದದ ಮೇಲಿನ ಅಂಕಿಗಳಿಗೆ ಹೊರಗಿನ ಲೋಕದಲ್ಲಿ ಮನುಷ್ಯರ ಮುಖಗಳಿವೆ. ಒಂದು ರುಜು ಇನ್ನೊಂದನ್ನು ಕೇಳುತ್ತದೆ. ಕಡೆಗೆ ಆ ಕಡತಗಳ ಫಲ ತನ್ನ ಸ್ನೇಹಿತರ ಮನೆ ಬಾಗಿಲನ್ನೇ ತಟ್ಟಿದಾಗ ಬರಹಗಾರನಿಗೆ ಹಿಂದೆ ಸರಿಯಲು ದಾರಿ ಉಳಿದಿರುವುದಿಲ್ಲ.

ನಾಟಕದ ಹೆಸರಿನಲ್ಲೇ ಈ ಇಬ್ಬಂದಿ ಅಡಗಿದೆ. ಇಂಗ್ಲಿಷಿನ ಆ ಪದಕ್ಕೆ ಜೊತೆಗೂಡಿ ಬರೆಯುವವರು ಎಂಬ ಅರ್ಥವಿರುವಂತೆ ಶತ್ರುವಿನೊಂದಿಗೆ ಶಾಮೀಲಾದವರು ಎಂಬ ಅರ್ಥವೂ ಇದೆ. ಕನ್ನಡದ ‘ಕೈಜೋಡಿಸು’ ಎಂಬ ಮಾತೂ ಹಾಗೆಯೇ. ಪುಣ್ಯಕಾರ್ಯಕ್ಕೂ ಕೈಜೋಡಿಸುತ್ತಾರೆ, ಪಾಪಕ್ಕೂ ಕೈಜೋಡಿಸುತ್ತಾರೆ. ಕೈ ಮಾತ್ರ ಒಂದೇ.

ಮದ್ದಿನ ಪೆಟ್ಟಿಗೆಯಿಂದ ರಂಗಮಂದಿರಕ್ಕೆ

ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲೇ ಅಚ್ಚಾಗಿ ನಮ್ಮ ನಾಡಿಗೆ ಬರುತ್ತಿದ್ದ ಕನ್ನಡ ಅನುವಾದಗಳ ಮೂಲಕ ಗೋರ್ಕಿಯಂಥವರನ್ನು ಅರಿತ ಓದುಗರಿಗೆ ಬುಲ್ಗಾಕೊವ್ ಅಷ್ಟು ಪರಿಚಿತನಲ್ಲ. ಅವನು ಹುಟ್ಟಿದ್ದು 1891ರಲ್ಲಿ, ಕೀವ್ ನಗರದಲ್ಲಿ. ತಂದೆ ದೇವತಾಶಾಸ್ತ್ರದ ಅಧ್ಯಾಪಕ. 1916ರಲ್ಲಿ ವೈದ್ಯಕೀಯ ಪದವಿ ಪಡೆದ ಬುಲ್ಗಾಕೊವ್ ಸ್ಮೊಲೆನ್ಸ್ಕ್ ಪ್ರಾಂತದ ದೂರದ ಹಳ್ಳಿಯೊಂದರಲ್ಲಿ ವೈದ್ಯನಾದ. ಅಲ್ಲಿಯೇ ಅವನಿಗೆ ಮಾರ್ಫಿನ್ ಚಟ ಅಂಟಿತು. ಮೊದಲ ಹೆಂಡತಿ ತತ್ಯಾನಾಳ ಆರೈಕೆಯಿಂದ ಅದರಿಂದ ಹೊರಬಂದ ಅವನು ಆ ಅನುಭವವನ್ನು ‘ಮಾರ್ಫಿನ್’ ಎಂಬ ಕಥೆಯಾಗಿ ಬರೆದ. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಕೀವ್ ಒಂದು ಪಡೆಯಿಂದ ಇನ್ನೊಂದು ಪಡೆಯ ಕೈಗೆ ಮತ್ತೆ ಮತ್ತೆ ಬದಲಾಗುವುದನ್ನು ಕಣ್ಣಾರೆ ಕಂಡ. ವೈದ್ಯ ವೃತ್ತಿಯನ್ನು ಬಿಟ್ಟು, ಬರೆದೇ ಬದುಕಬೇಕೆಂದು 1921ರಲ್ಲಿ ಮಾಸ್ಕೋಗೆ ಬಂದ.

ಕೀವ್ ನೆನಪುಗಳಿಂದ ಹುಟ್ಟಿದ ‘ಬಿಳಿಯ ಪಡೆ’ ಕಾದಂಬರಿಯನ್ನು ಅವನೇ ‘ತುರ್ಬಿನರ ದಿನಗಳು’ ಎಂಬ ನಾಟಕವಾಗಿ ಮಾರ್ಪಡಿಸಿದ. ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆದದ್ದು 1926ರ ಅಕ್ಟೋಬರ್ 5ರಂದು. ಕ್ರಾಂತಿಗೆ ವಿರುದ್ಧವಾಗಿ ಹೋರಾಡಿದ ಬಿಳಿಯ ಪಡೆಯ ಕುಟುಂಬವೊಂದನ್ನು ರಾಕ್ಷಸರಂತಲ್ಲದೆ ಮನುಷ್ಯರಂತೆ ತೋರಿಸಿದ ನಾಟಕ ಅದು. ಪ್ರೇಕ್ಷಕರು ಮುಗಿಬಿದ್ದರು, ಪತ್ರಿಕೆಗಳು ಮೇಲೆ ಬಿದ್ದವು. ತನ್ನ ಹತ್ತು ವರ್ಷಗಳ ಬರವಣಿಗೆಯ ಬಗ್ಗೆ ಬಂದ 301 ವಿಮರ್ಶೆಗಳಲ್ಲಿ 298 ನಿಂದನೆಯವು, ಕೇವಲ ಮೂರು ಮೆಚ್ಚುಗೆಯವು ಎಂದು ಬುಲ್ಗಾಕೊವ್ ತಾನೇ ಲೆಕ್ಕ ಇಟ್ಟಿದ್ದ.

ವಿಚಿತ್ರವೆಂದರೆ ಆ ನಾಟಕದ ಅಭಿಮಾನಿಗಳಲ್ಲಿ ಸ್ಟಾಲಿನ್ ಕೂಡ ಒಬ್ಬ. ಅವನು ಕನಿಷ್ಠ 15 ಬಾರಿ ಅದನ್ನು ನೋಡಿದನೆಂದು ದಾಖಲೆಗಳನ್ನು ಆಧರಿಸಿ ಹೇಳಲಾಗುತ್ತದೆ. ಆದರೂ 1929ರ ವೇಳೆಗೆ ಬುಲ್ಗಾಕೊವ್‌ನ ಎಲ್ಲ ನಾಟಕಗಳೂ ರಂಗದಿಂದ ಇಳಿದವು. ಅದಕ್ಕೂ ಮೊದಲೇ, 1926ರ ಮೇ ತಿಂಗಳಲ್ಲಿ, ರಹಸ್ಯ ಪೊಲೀಸರು ಅವನ ಮನೆ ಶೋಧಿಸಿ ದಿನಚರಿಯನ್ನೂ ‘ನಾಯಿಯ ಹೃದಯ’ ಎಂಬ ಕಿರುಕಾದಂಬರಿಯ ಪ್ರತಿಯನ್ನೂ ಒಯ್ದಿದ್ದರು. ವರ್ಷಗಳ ಮೇಲೆ ದಿನಚರಿ ಹಿಂದಿರುಗಿದಾಗ ಅವನು ಅದನ್ನು ಸುಟ್ಟುಹಾಕಿದ. ಮತ್ತೆಂದೂ ದಿನಚರಿ ಬರೆಯಲಿಲ್ಲ. ಪೊಲೀಸರು ಮಾಡಿಟ್ಟುಕೊಂಡಿದ್ದ ನಕಲು ಮಾತ್ರ ಅವರ ಕಡತಗಳಲ್ಲಿ ಉಳಿದು, ದಶಕಗಳ ನಂತರ ಬೆಳಕಿಗೆ ಬಂತು.

ಫೋನಿನಲ್ಲಿ ಕೊಟ್ಟ ಮಾತು

‘ಕೊಲ್ಯಾಬರೇಟರ್ಸ್’ ನಾಟಕದ ಬೀಜವಿರುವುದು 1930ರ ಏಪ್ರಿಲ್ 18ರ ಒಂದು ದೂರವಾಣಿ ಕರೆಯಲ್ಲಿ.

ಅದಕ್ಕೆ ಮೂರು ವಾರಗಳ ಮುಂಚೆ, ಮಾರ್ಚ್ 28ರಂದು, ಬುಲ್ಗಾಕೊವ್ ಸೋವಿಯತ್ ಸರ್ಕಾರಕ್ಕೆ ದೀರ್ಘ ಪತ್ರವೊಂದನ್ನು ಬರೆದ. ತಪ್ಪೊಪ್ಪಿಗೆಯ ಪತ್ರವಲ್ಲ ಅದು. ತನ್ನಿಂದ ಸಮತಾವಾದಿ ನಾಟಕ ಬರೆಯುವುದು ಸಾಧ್ಯವಿಲ್ಲವೆಂದೂ, ತನ್ನ ಕೃತಿಗಳಿಗೆ ಈ ದೇಶದಲ್ಲಿ ಜಾಗವಿಲ್ಲವೆಂದಾದರೆ ತನ್ನನ್ನು ಹೊರಗೆ ಹೋಗಲು ಬಿಡಬೇಕೆಂದೂ ಕೇಳಿದ. ಅದಾಗದಿದ್ದರೆ ರಂಗಮಂದಿರದಲ್ಲಿ ಸಹಾಯಕ ನಿರ್ದೇಶಕನ ಕೆಲಸ. ಅದೂ ಆಗದಿದ್ದರೆ ಗುಂಪಿನ ನಟನ ಕೆಲಸ. ಅದಕ್ಕೂ ಅರ್ಹನಲ್ಲವೆಂದಾದರೆ ರಂಗದ ಸಾಮಾನು ಹೊರುವ ಕೆಲಸ ಕೊಡಿ ಎಂದು ಬೇಡಿದ. ಆ ದಿನಗಳಲ್ಲೇ ತಾನು ಬರೆಯುತ್ತಿದ್ದ ಹೊಸ ಕಾದಂಬರಿಯ ಹಸ್ತಪ್ರತಿಯನ್ನು ಒಲೆಗೆ ಹಾಕಿದ. ಮುಂದೆ ‘ದಿ ಮಾಸ್ಟರ್ ಆ್ಯಂಡ್ ಮಾರ್ಗರಿಟಾ’ ಎಂದು ಜಗತ್ತು ಅರಿತದ್ದು ಅದೇ ಕಾದಂಬರಿಯನ್ನು.

ಏಪ್ರಿಲ್ 14ರಂದು ಕವಿ ಮಯಕೋವ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತ. ಅವನ ಅಂತ್ಯಕ್ರಿಯೆಯ ಮರುದಿನವೇ ಬುಲ್ಗಾಕೊವ್‌ಗೆ ಕರೆ ಬಂತು. ಆ ಸಂಭಾಷಣೆ ಇಂದು ನಮಗೆ ತಿಳಿದಿರುವುದು ಮುಖ್ಯವಾಗಿ ಯೆಲೆನಾ ದಾಖಲಿಸಿದ ನೆನಪಿನಿಂದ. ನಾವು ನಿಮಗೆ ಅಷ್ಟು ಬೇಸರ ತಂದಿದ್ದೇವೆಯೆ, ನಿಜವಾಗಿಯೂ ದೇಶ ಬಿಡಬೇಕೆ ಎಂಬ ಅರ್ಥದಲ್ಲಿ ಸ್ಟಾಲಿನ್ ಕೇಳಿದ. ಅನಿರೀಕ್ಷಿತ ಪ್ರಶ್ನೆಗೆ ತಬ್ಬಿಬ್ಬಾದ ಬುಲ್ಗಾಕೊವ್, ರಷ್ಯದ ಬರಹಗಾರ ತನ್ನ ನೆಲದ ಹೊರಗೆ ಬದುಕಬಲ್ಲನೇ ಎಂದು ಬಹಳ ಯೋಚಿಸಿದ್ದೇನೆ, ಸಾಧ್ಯವಿಲ್ಲವೆನಿಸುತ್ತದೆ ಎಂದ. ನನಗೂ ಹಾಗೆಯೇ ಅನಿಸುತ್ತದೆ ಎಂದ ಸ್ಟಾಲಿನ್, ಆರ್ಟ್ ಥಿಯೇಟರ್‌ಗೆ ಅರ್ಜಿ ಹಾಕಲು ಸೂಚಿಸಿದ. ನಾವಿಬ್ಬರೂ ಒಮ್ಮೆ ಕುಳಿತು ಮಾತಾಡಬೇಕು ಎಂಬ ಮಾತೂ ಆಗ ಬಂತು.

ಕೆಲಸ ಸಿಕ್ಕಿತು. ಭೇಟಿ ಮಾತ್ರ ನಡೆಯಲಿಲ್ಲ. ಬುಲ್ಗಾಕೊವ್ ಅದಕ್ಕಾಗಿ ವರ್ಷಗಟ್ಟಲೆ ಕಾದ. 1931ರಲ್ಲಿ ಬರೆದ ಇನ್ನೊಂದು ಪತ್ರದಲ್ಲಿ, ನೀವೇ ನನ್ನ ಮೊದಲ ಓದುಗರಾಗಬೇಕು ಎಂದು ಕೇಳಿಕೊಂಡ. 1934ರಲ್ಲಿ ಕೆಲಕಾಲದ ವಿದೇಶ ಪ್ರವಾಸಕ್ಕೆ ಅನುಮತಿ ಸಿಕ್ಕೇಬಿಟ್ಟಿತೆಂದು ಗಂಡ-ಹೆಂಡತಿ ನಂಬಿದ್ದಾಗ ಕಡೆಯ ಗಳಿಗೆಯಲ್ಲಿ ನಿರಾಕರಣೆ ಬಂತು. ಆ ಒಂದು ಕರೆಯಲ್ಲಿ ಬೇರೆಯದೇ ಉತ್ತರ ಕೊಟ್ಟಿದ್ದರೆ ಎಂಬ ಕೊರಗು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಹಾಡ್ಜ್ ಮಾಡಿದ್ದು ಇಷ್ಟೇ: ಫೋನಿನಲ್ಲಿ ಮಾತು ಕೊಟ್ಟು ಎಂದೂ ನಡೆಯದೇ ಹೋದ ಆ ಭೇಟಿಯನ್ನು ಸುರಂಗದೊಳಗೆ ನಡೆಸಿಬಿಟ್ಟರು. ಹೀಗಾಗಿ ಸುರಂಗದ ದೃಶ್ಯಗಳು ಇತಿಹಾಸವಲ್ಲದಿದ್ದರೂ, ಒಬ್ಬ ಮನುಷ್ಯ ಹತ್ತು ವರ್ಷ ತನ್ನೊಳಗೇ ನಡೆಸಿದ ಸಂವಾದದ ಚಿತ್ರಗಳಾಗಿವೆ. ಕನಸಿನಲ್ಲಿ ಬಂದು ಅಟ್ಟಾಡಿಸುವ ಸ್ಟಾಲಿನ್ ಮತ್ತು ಸುರಂಗದಲ್ಲಿ ಅಭಿಮಾನಿಯಾಗಿ ಎದುರಾಗುವ ಸ್ಟಾಲಿನ್ ಒಂದೇ ಮನಸ್ಸಿನ ಎರಡು ಸೃಷ್ಟಿಗಳು.

ಸೆರ್ಪುಖೊವ್ ನಿಲ್ದಾಣದ ತಂತಿ

ಹುಟ್ಟುಹಬ್ಬದ ನಾಟಕದ ಸಂಗತಿ ಮಾತ್ರ ಕಲ್ಪನೆಯಲ್ಲ. 1936ರಲ್ಲಿ ಬುಲ್ಗಾಕೊವ್‌ನ ಮೋಲಿಯೇರ್ ನಾಟಕ, ಸುಮಾರು ನಾಲ್ಕು ವರ್ಷಗಳ ತಾಲೀಮಿನ ನಂತರ ರಂಗಕ್ಕೆ ಬಂದು, ‘ಪ್ರಾವ್ದಾ’ ಪತ್ರಿಕೆಯ ಒಂದು ಲೇಖನದ ಹೊಡೆತಕ್ಕೆ ಏಳೇ ಪ್ರದರ್ಶನಗಳಲ್ಲಿ ನಿಂತುಹೋಯಿತು. ನೊಂದ ಅವನು ಆರ್ಟ್ ಥಿಯೇಟರ್ ಬಿಟ್ಟು ಬೊಲ್ಶೊಯ್ ರಂಗಮಂದಿರದಲ್ಲಿ ಗೀತನಾಟಕಗಳ ಸಾಹಿತ್ಯ ಬರೆಯುವ ನೌಕರನಾದ. 1938ರಲ್ಲಿ ಆರ್ಟ್ ಥಿಯೇಟರ್‌ನವರೇ ಮತ್ತೆ ಬಂದು ಸ್ಟಾಲಿನ್ ಕುರಿತ ನಾಟಕ ಬೇಕೆಂದರು. ಕೊಂಚ ಹಿಂಜರಿದು ಅವನು ಒಪ್ಪಿಕೊಂಡ.

ಕಪ್ಪು ಸಮುದ್ರದ ತೀರದ ಬಂದರು ಬತೂಮ್‌ನಲ್ಲಿ 1902ರಲ್ಲಿ ನಡೆದ ಕಾರ್ಮಿಕರ ಮುಷ್ಕರ ಮತ್ತು ಅದರಲ್ಲಿ ತರುಣ ಸ್ಟಾಲಿನ್‌ನ ಪಾತ್ರ ಈ ನಾಟಕದ ವಸ್ತು. ಹೆಸರು ‘ಬತೂಮ್’. ಪಾದ್ರಿಗಳ ಶಾಲೆಯಿಂದ ಹೊರದೂಡಲ್ಪಟ್ಟ ತರುಣನಿಂದ ಅದು ಆರಂಭವಾಗುತ್ತದೆ. ಅವನ ಗಡೀಪಾರಿನ ಕಾಗದವನ್ನು ತ್ಸಾರ್ ನಿಕೊಲಾಯ್ ಮುಂದೆ ಇಡುವ ಅಣಕದ ದೃಶ್ಯವೊಂದು ಅದರಲ್ಲಿದೆ. ಅಲ್ಲಿ ಅರಮನೆಯ ಪಂಜರದ ಹಕ್ಕಿಗೆ ರಾಜಗೀತೆ ಹಾಡಲು ಕಲಿಸಿರುತ್ತಾರೆ. ಆಳುವವನ ಒಂದು ರುಜುವಿನಿಂದ ಮನುಷ್ಯನೊಬ್ಬನ ವರ್ಷಗಳು ಕಳೆದುಹೋಗುವುದನ್ನು ಬುಲ್ಗಾಕೊವ್ ಅಲ್ಲಿ ಬರೆದ. ಆ ರುಜುವನ್ನು ಎಪ್ಪತ್ತು ವರ್ಷಗಳ ತರುವಾಯ ಹಾಡ್ಜ್ ಅವನ ಕೈಯಿಂದಲೇ ಹಾಕಿಸಿದರು.

ನಾಟಕ 1939ರ ಜುಲೈನಲ್ಲಿ ಮುಗಿಯಿತು. ಆಗಸ್ಟ್ 14ರಂದು ಬುಲ್ಗಾಕೊವ್ ದಂಪತಿಗಳು ರಂಗಮಂದಿರದ ತಂಡದೊಂದಿಗೆ ಜಾರ್ಜಿಯಾಕ್ಕೆ ರೈಲು ಹತ್ತಿದರು. ಸ್ಥಳಗಳನ್ನು ಕಂಡು, ಅಲ್ಲಿನ ಹಾಡು, ಉಡುಪುಗಳನ್ನು ಅರಿತು ಬರುವುದು ಉದ್ದೇಶ. ಮಾಸ್ಕೋದಿಂದ ಸುಮಾರು ನೂರು ಕಿಲೋಮೀಟರ್ ದೂರದ ಸೆರ್ಪುಖೊವ್ ನಿಲ್ದಾಣದಲ್ಲಿ ತಂತಿ ತಂದ ಅಂಚೆಯ ಹೆಂಗಸೊಬ್ಬಳು ಡಬ್ಬಿಯೊಳಗೆ ಬಂದು ‘ಬುಹ್‌ಗಾಲ್ತರ್’ ಯಾರು ಎಂದು ಕೇಳಿದಳು. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಲೆಕ್ಕಿಗ. ಅವಳು ಹುಡುಕುತ್ತಿದ್ದುದು ಲೆಕ್ಕಿಗನನ್ನಲ್ಲ, ಬುಲ್ಗಾಕೊವ್‌ನನ್ನು. ಪ್ರಯಾಣದ ಅಗತ್ಯ ಇಲ್ಲವಾಗಿದೆ, ಮಾಸ್ಕೋಗೆ ಮರಳಿ ಎಂಬುದಷ್ಟೇ ತಂತಿಯ ಸಾರಾಂಶ.

ದಂಪತಿಗಳು ತೂಲಾ ನಿಲ್ದಾಣದಲ್ಲಿ ಇಳಿದು ಕಾರು ಹಿಡಿದು ಹಿಂದಿರುಗಿದರು. ದಾರಿಯುದ್ದಕ್ಕೂ ಬುಲ್ಗಾಕೊವ್ ಬೆಳಕಿಗೆ ಕೈ ಅಡ್ಡ ಹಿಡಿದಿದ್ದ. ಸ್ಟಾಲಿನ್‌ನಂಥ ವ್ಯಕ್ತಿಯನ್ನು ಕಥಾನಾಯಕನನ್ನಾಗಿ ಮಾಡಿ, ಕಲ್ಪಿತ ಸನ್ನಿವೇಶಗಳಲ್ಲಿಟ್ಟು, ಕಲ್ಪಿತ ಮಾತುಗಳನ್ನು ಆಡಿಸಲಾಗದು ಎಂಬ ಅಭಿಪ್ರಾಯ ಮೇಲಿನಿಂದ ಬಂದುದನ್ನು ಯೆಲೆನಾ ಕೆಲವೇ ದಿನಗಳಲ್ಲಿ ದಿನಚರಿಯಲ್ಲಿ ಬರೆದಳು. ಅಧಿಕಾರದ ಕಡೆಗೆ ಸೇತುವೆ ಕಟ್ಟಲು ಬುಲ್ಗಾಕೊವ್ ಮಾಡಿದ ಯತ್ನವಿದು ಎಂಬ ಮಾತೂ ಕಿವಿಗೆ ಬಿತ್ತು. ನಾಟಕ ಚೆನ್ನಾಗಿದೆ, ಆದರೆ ಆಡಬಾರದು ಎಂದು ಸ್ಟಾಲಿನ್ ಹೇಳಿದ್ದಾಗಿಯೂ ಆಮೇಲೆ ತಿಳಿದುಬಂತು.

ಹದಿನೈದು ವರ್ಷ ತಲೆಬಾಗದೆ ನಿಂತವನು ಒಮ್ಮೆ ಬಾಗಿದ. ಬಾಗಿದ್ದೂ ವ್ಯರ್ಥವಾಯಿತು. ನಾಟಕ ಕೈಬಿಟ್ಟದ್ದಕ್ಕಿಂತ, ಬಾಗಿದ್ದನ್ನು ಎಲ್ಲರೂ ಕಂಡರು ಎಂಬುದೇ ಅವನನ್ನು ಹೆಚ್ಚು ಸುಟ್ಟಿರಬೇಕು.

ಎಷ್ಟು ನಿಜ, ಎಷ್ಟು ಕಲ್ಪನೆ

ಈಗ ಹಾಡ್ಜ್ ಅವರ ನಾಟಕವನ್ನು ಇತಿಹಾಸದ ಪಕ್ಕದಲ್ಲಿಟ್ಟು ನೋಡಬಹುದು.

ಹಲವರು ಹಂಚಿಕೊಂಡ ಇಕ್ಕಟ್ಟಿನ ಮನೆ ಬುಲ್ಗಾಕೊವ್‌ನ ಇಪ್ಪತ್ತರ ದಶಕದ ಅನುಭವ. ಬೊಲ್ಶಾಯಾ ಸದೋವಾಯಾ ಬೀದಿಯ 10ನೇ ಸಂಖ್ಯೆಯ ಕಟ್ಟಡದಲ್ಲಿ ಅವನು ಹಾಗೆ ಬದುಕಿದ್ದ. ಇಂದು ಅಲ್ಲಿ ಅವನ ವಸ್ತುಸಂಗ್ರಹಾಲಯವಿದೆ. 1938ರಲ್ಲಿ ಅವನಿದ್ದುದು ಬರಹಗಾರರ ಸಹಕಾರಿ ಕಟ್ಟಡದ ಸ್ವತಂತ್ರ ಮನೆಯಲ್ಲಿ. ಮೋಲಿಯೇರ್ ನಾಟಕ ನಿಂತದ್ದು ‘ಬತೂಮ್’ ಬರೆಯುವ ಮುನ್ನ. ಎರಡಕ್ಕೂ ನೇರ ವಿನಿಮಯದ ಒಪ್ಪಂದವಿರಲಿಲ್ಲ. ಹತ್ತು ವರ್ಷಗಳ ಘಟನೆಗಳನ್ನು ಎರಡು ಗಂಟೆಗಳಿಗೆ ಅಳವಡಿಸಲು ನಾಟಕಕಾರರು ಇವನ್ನು ಒತ್ತಟ್ಟಿಗೆ ತಂದಿದ್ದಾರೆ. ಇದು ರಂಗಭೂಮಿಯಲ್ಲಿ ಒಪ್ಪಿತವಾದ ಸ್ವಾತಂತ್ರ್ಯ.

ಕಷ್ಟವಿರುವುದು ರುಜುವಿನ ವಿಚಾರದಲ್ಲಿ. ಬುಲ್ಗಾಕೊವ್ ಯಾರ ಮರಣಪತ್ರಕ್ಕೂ ರುಜು ಹಾಕಿದವನಲ್ಲ. 1937 ಮತ್ತು 1938ರ ಮಹಾ ದಮನದಲ್ಲಿ ಸೋವಿಯತ್ ದಾಖಲೆಗಳ ಪ್ರಕಾರವೇ ಸುಮಾರು 6.8 ಲಕ್ಷ ಜನರಿಗೆ ಗುಂಡಿಕ್ಕಲಾಯಿತು. ಬುಲ್ಗಾಕೊವ್‌ನ ಕಟ್ಟಡದಲ್ಲೇ ಇದ್ದ ಕವಿ ಮಾಂಡೆಲ್‌ಸ್ಟಾಮ್ 1938ರ ಡಿಸೆಂಬರಿನಲ್ಲಿ ವ್ಲಾಡಿವಸ್ತೋಕ್ ಬಳಿಯ ಕೈದಿಗಳ ಶಿಬಿರದಲ್ಲಿ ಸತ್ತ. ಕಥೆಗಾರ ಬಾಬೆಲ್, ರಂಗನಿರ್ದೇಶಕ ಮೇಯರ್‌ಹೋಲ್ಡ್ ಇಬ್ಬರನ್ನೂ 1939ರಲ್ಲಿ ಬಂಧಿಸಿ ಮರುವರ್ಷದ ಆರಂಭದಲ್ಲಿ ಕೊಲ್ಲಲಾಯಿತು. ಇಂಥ ದಿನಗಳಲ್ಲಿ, 1938ರ ಫೆಬ್ರವರಿಯಲ್ಲಿ, ಬುಲ್ಗಾಕೊವ್ ಸ್ಟಾಲಿನ್‌ಗೆ ಬರೆದ ಪತ್ರ ತನಗಾಗಿ ಬರೆದದ್ದಲ್ಲ. ಗಡೀಪಾರು ಶಿಕ್ಷೆ ಅನುಭವಿಸಿದ್ದ ನಾಟಕಕಾರ ನಿಕೊಲಾಯ್ ಎರ್ಡ್‌ಮನ್‌ನ ಕಷ್ಟವನ್ನು ಹಗುರ ಮಾಡಿ ಎಂದು ಕೋರಿದ ಪತ್ರ ಅದು. ತಾನೇ ಅಂಚಿನಲ್ಲಿ ನಿಂತವನು ಇನ್ನೊಬ್ಬನಿಗಾಗಿ ಕೈ ಎತ್ತುವುದು ಆಗ ಸಣ್ಣ ಮಾತಾಗಿರಲಿಲ್ಲ.

ಹಾಗಾದರೆ ಸತ್ತು ಉತ್ತರ ಕೊಡಲಾಗದವನ ಮೇಲೆ ಮಾಡದ ಅಪರಾಧ ಹೊರಿಸುವುದು ನ್ಯಾಯವೆ? ಈ ಆಕ್ಷೇಪಕ್ಕೆ ಬಲವಿದೆ. ನಾಟಕದಿಂದ ಮಾತ್ರ ಬುಲ್ಗಾಕೊವ್‌ನನ್ನು ಅರಿತ ಪ್ರೇಕ್ಷಕ ಅವನನ್ನು ಸರ್ವಾಧಿಕಾರಿಯ ಗುಮಾಸ್ತನೆಂದು ತಿಳಿದು ಮನೆಗೆ ಹೋಗುವ ಅಪಾಯ ಉಂಟು.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅದು ಸಿಗುವುದು ಬುಲ್ಗಾಕೊವ್‌ನ ಮಹಾ ಕಾದಂಬರಿಯಲ್ಲೇ. ಸೈತಾನನು ಪರಿವಾರಸಮೇತ ಮಾಸ್ಕೋಗೆ ಬಂದು ನಡೆಸುವ ಅವಾಂತರದ ಜೊತೆಗೆ, ‘ದಿ ಮಾಸ್ಟರ್ ಆ್ಯಂಡ್ ಮಾರ್ಗರಿಟಾ’ದಲ್ಲಿ ಇನ್ನೊಂದು ಕಥೆಯಿದೆ. ಜೆರೂಸಲೇಮಿನ ರೋಮನ್ ಅಧಿಪತಿ ಪಿಲಾತ, ತನ್ನೆದುರು ನಿಂತ ಕೈದಿ ನಿರಪರಾಧಿ ಎಂದು ಬಲ್ಲ. ಅವನೊಂದಿಗೆ ಮಾತಾಡುವ ಆಸೆಯೂ ಅವನಿಗಿದೆ. ಆದರೂ ರೋಮಿನ ಚಕ್ರವರ್ತಿಯ ಭಯದಿಂದ ಮರಣದಂಡನೆಯನ್ನು ದೃಢಪಡಿಸುತ್ತಾನೆ. ಆಮೇಲೆ ಸುಮಾರು ಎರಡು ಸಾವಿರ ವರ್ಷ ಅವನಿಗೆ ನೆಮ್ಮದಿಯಿಲ್ಲ. ಮುರಿದುಹೋದ ಆ ಮಾತುಕತೆ ಮುಂದುವರಿಯಲಿ ಎಂದು ಕಾಯುತ್ತಾನೆ. ಮನುಷ್ಯನ ದೋಷಗಳಲ್ಲಿ ಹೇಡಿತನವೇ ಅತ್ಯಂತ ಕೆಟ್ಟದ್ದು ಎಂಬ ವಿಚಾರ ಕಾದಂಬರಿಯುದ್ದಕ್ಕೂ ಹರಿಯುತ್ತದೆ.

ಹಾಡ್ಜ್ ಬುಲ್ಗಾಕೊವ್‌ನನ್ನು ಕೂರಿಸಿದ್ದು ಈ ಪಿಲಾತನ ಪೀಠದ ಮೇಲೆಯೇ. ಬರಹಗಾರ ತಾನೇ ರೂಪಿಸಿದ ನ್ಯಾಯಾಲಯದಲ್ಲಿ ಅವನನ್ನೇ ನಿಲ್ಲಿಸಿ ವಿಚಾರಿಸಿದ್ದಾರೆ. ‘ಬತೂಮ್’ ಬರೆಯಲು ಒಪ್ಪಿದ ದಿನದಿಂದ ಬುಲ್ಗಾಕೊವ್ ತನ್ನನ್ನು ಹಾಗೆ ವಿಚಾರಿಸಿಕೊಳ್ಳಲಿಲ್ಲವೆಂದು ಹೇಳಲು ಯಾರಿಗೆ ಸಾಧ್ಯ? ಅವನು ಏಕೆ ಒಪ್ಪಿದ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬಡತನ, ಕೆಡುತ್ತಿದ್ದ ಆರೋಗ್ಯ, ತನ್ನ ನಂತರ ಯೆಲೆನಾಳ ಗತಿಯೇನೆಂಬ ಚಿಂತೆ, ಪೆಟ್ಟಿಗೆಯಲ್ಲಿದ್ದ ಕಾದಂಬರಿಗೆ ದಾರಿಯಾಗಬಹುದೆಂಬ ಆಸೆ ಇವೆಲ್ಲ ಸೇರಿರಬೇಕು. ಅವನೊಬ್ಬನೇ ಹಾಗೆ ಬಾಗಿದ್ದಲ್ಲ. ಮಾಂಡೆಲ್‌ಸ್ಟಾಮ್ 1937ರಲ್ಲಿ ಸ್ಟಾಲಿನ್ ಸ್ತುತಿ ಬರೆದ, ಆದರೂ ಉಳಿಯಲಿಲ್ಲ. ಬಂಧನದಲ್ಲಿದ್ದ ಮಗನನ್ನು ಉಳಿಸಿಕೊಳ್ಳಲು ಅಖ್ಮತೋವಾ ಕೂಡ ಮುಂದೆ ಅಂಥ ಕವಿತೆಗಳನ್ನು ಬರೆದಳು. ಇವರನ್ನು ದೂರುವವರು ಆ ಬಾಗಿಲು ಬಡಿತವನ್ನು ಎಂದೂ ಕೇಳಿರದವರು.

ನಾಟಕದ ನಿಜವಾದ ಗುರಿ ಸತ್ತ ಬರಹಗಾರನಲ್ಲ, ಎದುರಿನ ಕುರ್ಚಿಗಳಲ್ಲಿ ಕುಳಿತವರು. ಬುಲ್ಗಾಕೊವ್ ಸುರಂಗಕ್ಕೆ ಇಳಿಯುವಾಗ ನಾವು ನಗುತ್ತೇವೆ. ಮನೆಗೆ ಕಾಫಿ ಬಂದಾಗ ಅವನ ಜೊತೆ ಸಂತೋಷಪಡುತ್ತೇವೆ. ಯಾವ ಕಡತಕ್ಕೆ ರುಜು ಹಾಕಿದಾಗ ತಪ್ಪು ಆರಂಭವಾಯಿತೆಂದು ಯೋಚಿಸಿದರೆ ಗೆರೆ ಎಳೆಯುವುದು ಕಷ್ಟವಾಗುತ್ತದೆ. ಅಷ್ಟು ಹೊತ್ತಿಗೆ ನಮ್ಮ ನಗುವೂ ಅದರಲ್ಲಿ ಕೈಜೋಡಿಸಿರುತ್ತದೆ.

ಉಳಿದ ಹಸ್ತಪ್ರತಿ

ತಂತಿ ಬಂದ ಮುಂದಿನ ತಿಂಗಳೇ ಬುಲ್ಗಾಕೊವ್‌ನ ಕಣ್ಣು ಮಂದವಾಗತೊಡಗಿತು. ಮೂತ್ರಪಿಂಡದ ಕಾಯಿಲೆ. ತಂದೆ ಸತ್ತದ್ದೂ ಅದರಿಂದಲೇ. ವೈದ್ಯನಾದ ಅವನಿಗೆ ಮುಂದಿನದನ್ನು ಯಾರೂ ವಿವರಿಸಬೇಕಿರಲಿಲ್ಲ. ಬರೆಯಲಾಗದೆ ಹಾಸಿಗೆ ಹಿಡಿದವನು, 1940ರ ಫೆಬ್ರವರಿಯವರೆಗೂ ಕಾದಂಬರಿಯ ತಿದ್ದುಪಡಿಗಳನ್ನು ಬಾಯಲ್ಲಿ ಹೇಳಿ ಯೆಲೆನಾಳಿಂದ ಬರೆಸಿದ. ಹೊಗಳಿಕೆಯ ನಾಟಕ ಬಿದ್ದುಹೋದ ಮೇಲೆ ಅವನಿಗೆ ಉಳಿದದ್ದು, ಅಚ್ಚಾಗುವ ಯಾವ ಭರವಸೆಯೂ ಇಲ್ಲದ ಈ ಪುಟಗಳು ಮಾತ್ರ. 1940ರ ಮಾರ್ಚ್ 10ರಂದು ಅವನು ತೀರಿಕೊಂಡಾಗ ಅವನಿಗೆ 48 ವರ್ಷ.

ಯೆಲೆನಾ ಆ ಹಸ್ತಪ್ರತಿಯನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಾಪಾಡಿದಳು. ‘ಮಾಸ್ಕ್ವಾ’ ಮಾಸಪತ್ರಿಕೆಯ 1966ರ ನವೆಂಬರ್ ಮತ್ತು 1967ರ ಜನವರಿ ಸಂಚಿಕೆಗಳಲ್ಲಿ, ಸಾಕಷ್ಟು ಕತ್ತರಿ ಪ್ರಯೋಗದ ನಂತರ, ಕಾದಂಬರಿ ಹೊರಬಂತು. ಕತ್ತರಿಸದ ಪಠ್ಯ ಸೋವಿಯತ್ ಒಕ್ಕೂಟದಲ್ಲಿ ಪುಸ್ತಕವಾದದ್ದು 1973ರಲ್ಲಿ. ಅದನ್ನು ಕಾಣಲು ಯೆಲೆನಾ ಇರಲಿಲ್ಲ. 1970ರಲ್ಲಿ ಅವಳು ಕಣ್ಮುಚ್ಚಿದ್ದಳು. ಸುಟ್ಟ ಹಸ್ತಪ್ರತಿಯೊಂದು ಅಖಂಡವಾಗಿ ಮರಳಿ ಕೈಸೇರುವ ಪ್ರಸಂಗ ಆ ಕಾದಂಬರಿಯಲ್ಲೇ ಇದೆ. 1977ರಲ್ಲಿ ಯೂರಿ ಲ್ಯುಬಿಮೊವ್ ಮಾಸ್ಕೋದ ತಗಾಂಕಾ ರಂಗಮಂದಿರದಲ್ಲಿ ಅದನ್ನು ನಾಟಕವಾಗಿಸಿದರು. 2024ರಲ್ಲಿ ಮೈಕೆಲ್ ಲಾಕ್‌ಶಿನ್ ನಿರ್ದೇಶನದ ಚಲನಚಿತ್ರ ರಷ್ಯದಲ್ಲಿ ಬಿಡುಗಡೆಯಾಯಿತು. ಅದೂ ಹಾಡ್ಜ್ ನಾಟಕದಂತೆ ಬರಹಗಾರನ ಬದುಕನ್ನು ಅವನ ಕಲ್ಪನೆಯೊಂದಿಗೆ ಬೆರೆಸಿದೆ. ಉಕ್ರೇನ್ ಯುದ್ಧವನ್ನು ವಿರೋಧಿಸಿದ್ದ ನಿರ್ದೇಶಕರ ಮೇಲೆ ಅಲ್ಲಿನ ಯುದ್ಧಪರರು ಹರಿಹಾಯ್ದರು.

ಅತ್ತ ಅವನ ಹುಟ್ಟೂರು ಕೀವ್‌ನಲ್ಲಿ ಬೇರೆಯೇ ವಿಚಾರಣೆ ನಡೆಯಿತು. ಉಕ್ರೇನ್ ರಾಷ್ಟ್ರೀಯತೆಯನ್ನು ಅವನು ತನ್ನ ಕೃತಿಗಳಲ್ಲಿ ಹೀಗಳೆದನೆಂಬ ಕಾರಣಕ್ಕೆ, ಯುದ್ಧ ಆರಂಭವಾದ 2022ರಲ್ಲಿ ಅಲ್ಲಿನ ಬರಹಗಾರರ ಸಂಘ ಅವನ ಮನೆಯ ವಸ್ತುಸಂಗ್ರಹಾಲಯವನ್ನು ಮುಚ್ಚಬೇಕೆಂದು ಕೇಳಿತು. ಒಂದು ಕಾಲದಲ್ಲಿ ಕ್ರಾಂತಿಯ ವೈರಿ ಎನಿಸಿಕೊಂಡವನು ಇನ್ನೊಂದು ಕಾಲದಲ್ಲಿ ಸಾಮ್ರಾಜ್ಯದ ಬಂಟ ಎನಿಸಿಕೊಂಡ.

ಬುಲ್ಗಾಕೊವ್ ಸತ್ತ ಮರುದಿನ ಬೆಳಿಗ್ಗೆ ಅವನ ಮನೆಯ ಫೋನು ಮತ್ತೊಮ್ಮೆ ಮೊಳಗಿತು. ಸ್ಟಾಲಿನ್ ಕಾರ್ಯಾಲಯದಿಂದ ಬಂದ ಕರೆ ಅದು ಎಂದು ಅಲ್ಲಿದ್ದ ಗೆಳೆಯನೊಬ್ಬ ಆಮೇಲೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಕಾಮ್ರೇಡ್ ಬುಲ್ಗಾಕೊವ್ ಸತ್ತದ್ದು ನಿಜವೇ ಎಂದು ಆ ಕಡೆಯ ಧ್ವನಿ ಕೇಳಿತು. ಹೌದು ಎಂದ ಮೇಲೆ ಮತ್ತೇನೂ ಹೇಳದೆ ಫೋನು ಇಟ್ಟರು. ಹತ್ತು ವರ್ಷ ಕಾದ ಭೇಟಿಯ ಮಾತು ಅಲ್ಲಿಗೆ ಮುಗಿಯಿತು.